ಹೊರಟೇಬಿಟ್ಟಿತು!

ಈಗಷ್ಟೇ ದುರ್ಗದಲ್ಲಿ ಬಸ್ಸಿಳಿದು ಬಂದಿದ್ದೇನೆ. ಸಿಟ್ಟು ಇನ್ನೂ ಬಿಸಿಯಾಗಿದೆ. ಅಕ್ಕನಿಗೆಂದು ಕಟ್ಟಿಸಿಕೊಂಡ ಬೆಣ್ಣೆದೋಸೆ ಮಾತ್ರ ತಣ್ಣಗಾಗಿದೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಹೆದ್ದಾರಿಯ ಬಗ್ಗೆ ನನ್ನ ತಕರಾರಿಲ್ಲ. ಕಷ್ಟವಿರುವುದು ಮೊದಲ ಹತ್ತು ಅಡಿಯಲ್ಲಿ. "ಬನ್ನಿ ಸಾರ್, ಹೊರಟೇಬಿಟ್ಟಿತು!" ಎಂದು ಕಂಡಕ್ಟರ್ ಕೂಗಿದ್ದಕ್ಕೆ ಓಡಿ ಹತ್ತಿದೆ. ಒಳಗೆ ಒಬ್ಬ ಅಜ್ಜಿ, ಎರಡು ಮಂಡಕ್ಕಿ ಚೀಲ. ಬಸ್ಸು ನಾಲ್ಕು ಅಡಿ ಮುಂದೆ ಹೋಯಿತು, ನಾಲ್ಕು ಅಡಿ ಹಿಂದೆ ಬಂತು. "ಹೊರಟಿತು, ಹೊರಟಿತು!" ಮತ್ತೆ ಮುಂದೆ, ಮತ್ತೆ ಹಿಂದೆ. ಭೂತಕಾಲವನ್ನು ಇಷ್ಟು ಧೈರ್ಯವಾಗಿ ಬಳಸುವವನನ್ನು ನಾನು ಕಂಡಿಲ್ಲ. ಬಸ್ಸು ನಿಂತಲ್ಲೇ ಇತ್ತು, ಕ್ರಿಯಾಪದ ಮಾತ್ರ ಭರಮಸಾಗರ ದಾಟಿತ್ತು.

ಅಜ್ಜಿಗೂ ಸಾಕಾಯಿತು. "ತಮ್ಮಾ, ಹೊರಟಿತು ಹೊರಟಿತು ಎನ್ನುತ್ತೀಯಲ್ಲ, ಹೊರಟದ್ದು ಯಾವುದು?"

"ಎಂಜಿನ್ ಚಾಲೂ ಇದೆಯಲ್ಲ, ಅಜ್ಜೀ!"

ಹೊತ್ತು ಹೋಗದೆ ಮೊಬೈಲ್ ತೆರೆದರೆ ಸಬಾ ಎಂಬ ಕೆರಿಬಿಯನ್ ದ್ವೀಪ ಸಿಕ್ಕಿತು. ಜ್ವಾಲಾಮುಖಿಯ ಗುಡ್ಡವೇ ಊರು; ವಿಸ್ತೀರ್ಣ 13 ಚದರ ಕಿಲೋಮೀಟರ್. ಅಲ್ಲಿನ ರನ್‌ವೇ ಸುಮಾರು 400 ಮೀಟರ್, ಎರಡೂ ತುದಿಗೆ ಸಮುದ್ರಕ್ಕಿಳಿಯುವ ಪ್ರಪಾತ. ನಮ್ಮ ಬಸ್ಸು ಹಿಂದೆ ಮುಂದೆ ಜೀಕಿದ್ದನ್ನೆಲ್ಲ ಉದ್ದಕ್ಕೆ ಹಾಸಿದ್ದರೆ ಅಷ್ಟಾಗುತ್ತಿತ್ತೇನೋ. ಅಲ್ಲಾಗಿದ್ದರೆ ನಾವು ಆಕಾಶದಲ್ಲಿರುತ್ತಿದ್ದೆವು. ಪಕ್ಕದ ಸೇಂಟ್ ಮಾರ್ಟಿನ್‌ನಿಂದ ವಿಮಾನದಲ್ಲಿ ಕಾಲು ತಾಸಂತೆ. ನಮಗೆ ನಿಲ್ದಾಣದ ಗೇಟು ದಾಟಲು ನಲವತ್ತು ನಿಮಿಷ ಹಿಡಿಯಿತು.

ಅಲ್ಲಿ ರಸ್ತೆ ಮಾಡುವುದು ಆಗದ ಮಾತು ಎಂದು ಡಚ್ ಎಂಜಿನಿಯರುಗಳು ಕೈಚೆಲ್ಲಿದ್ದರು. ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಊರಿನವನೇ ಅಂಚೆಯ ಮೂಲಕ ಎಂಜಿನಿಯರಿಂಗ್ ಕಲಿತ. ಊರವರನ್ನು ಕಟ್ಟಿಕೊಂಡು ಹಿಡಿದ ಕೆಲಸ 1938ರಲ್ಲಿ ಶುರುವಾಗಿ 1958ರಲ್ಲಿ ಪೂರೈಸಿತು. ನಮ್ಮ ಕಂಡಕ್ಟರ್ ಅಲ್ಲಿದ್ದಿದ್ದರೆ 1938ರಲ್ಲೇ "ರಸ್ತೆ ಮುಗಿದೇಹೋಯಿತು, ಬನ್ನಿ!" ಎಂದು ಕೂಗುತ್ತಿದ್ದ. ಅದಕ್ಕೆ ಮೊದಲು ದೋಣಿಯಿಂದಿಳಿದ ಸಾಮಾನನ್ನು 800 ಮೆಟ್ಟಿಲು ಹೊತ್ತು ಹತ್ತಿಸುತ್ತಿದ್ದರು. ಹತ್ತಿ ಸೇರುವ ಊರಿನ ಹೆಸರು 'ದಿ ಬಾಟಮ್', ಅಂದರೆ ತಳ! ನಗಲು ಹೊರಟವನು ನಮ್ಮ ಬಸ್ಸಿನ ಗಾಜಿನ ಮೇಲಿದ್ದ 'ನಾನ್‌ಸ್ಟಾಪ್' ನೋಡಿ ಸುಮ್ಮನಾದೆ. ಅದು ಆನಗೋಡಿನಲ್ಲಿ ನಿಂತಿತು, ಭರಮಸಾಗರದಲ್ಲಿ ನಿಂತಿತು, ದಾರಿಯಲ್ಲಿ ತಲೆ ತುರಿಸಿಕೊಳ್ಳಲು ಕೈಯೆತ್ತಿದವನ ಮುಂದೆಯೂ ನಿಂತಿತು.

ಹಿಂದೆ ಅಪ್ಪ ದುರ್ಗದ ನಿಲ್ದಾಣದಲ್ಲಿ ಸೈಕಲ್ ಹಿಡಿದು ಕಾಯುತ್ತಿದ್ದರು. ಬಸ್ಸು ಎಷ್ಟೇ ತಡವಾದರೂ "ನಾನೂ ಈಗಷ್ಟೇ ಬಂದೆ" ಎನ್ನುತ್ತಿದ್ದರು. ಅದೂ 'ಹೊರಟಿತು' ಜಾತಿಯ ಸುಳ್ಳೇ. ಈಗ ತಡವಾದರೆ ಕೆಡುವುದು ದೋಸೆಯೊಂದೇ.

ನಾನು ಇಳಿಯುವಷ್ಟರಲ್ಲಿ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದಿದ್ದ. "ದಾವಣಗೆರೆ, ದಾವಣಗೆರೆ! ಹೊರಟೇಬಿಟ್ಟಿತು!" ಬ್ಯಾಗು ತಬ್ಬಿಕೊಂಡು ಒಬ್ಬರು ಏದುಸಿರು ಬಿಡುತ್ತ ಓಡಿಬಂದರು. ಹೇಳಬೇಕೆನಿಸಿತು. ಹೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.