ಸಂಶೋಧಕರಿಗೆ ಸೈಟೇಷನ್ ಲೆಕ್ಕವೇ ಅಳತೆಗೋಲಾಗಬೇಕೇ? ಪರ-ವಿರೋಧ

ವೈದ್ಯಕೀಯ ಸಂಶೋಧನೆಯಲ್ಲಿರುವವರಿಗೆ ಹುದ್ದೆ, ಬಡ್ತಿ ಕೊಡುವಾಗ ಅವರು ಎಷ್ಟು ಪೇಪರ್ ಬರೆದಿದ್ದಾರೆ, ಅವಕ್ಕೆ ಎಷ್ಟು ಸೈಟೇಷನ್ ಬಿದ್ದಿದೆ ಎಂದು ನೋಡುವುದು ಸರಿಯೇ? ಜಿಲ್ಲೆಯ ಇಬ್ಬರನ್ನು ಕೇಳಿದೆವು.

ಪರ: ನಂಬರ್ ‘ಯಾರ ಪೈಕಿ’ ಎಂದು ಕೇಳುವುದಿಲ್ಲ
(ಮೈಕ್ರೋಬಯಾಲಜಿ ಅಧ್ಯಾಪಕಿ, ಶಿವಮೊಗ್ಗ)

ಮಲೆನಾಡಿನಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ ಗೊತ್ತಲ್ಲ: ಯಾವೂರು, ಯಾರ ಪೈಕಿ? ಮದುವೆಮನೆ ಪಂಕ್ತಿಯಲ್ಲಿ ಕೇಳಿದರೆ ಚೆಂದ. ಇಂಟರ್‌ವ್ಯೂ ಕೋಣೆಯಲ್ಲಿ ಕೇಳಿದರೆ ಚೆಂದವಲ್ಲ. ನಾನು ನಂಬರಿನ ಕಡೆ ನಿಲ್ಲುವುದಕ್ಕೆ ಇದೊಂದೇ ಕಾರಣ ಸಾಕು. ಉಳಿದ ಕಾರಣಗಳನ್ನೂ ಹೇಳುತ್ತೇನೆ, ಆದರೆ ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ.

ಲೆಕ್ಕ ಏನು ಎಂದು ಮೊದಲು ಹೇಳಿಬಿಡೋಣ. ನೀವು ಬರೆದ ಪೇಪರನ್ನು ಇನ್ನೊಬ್ಬ ಸಂಶೋಧಕ ತನ್ನ ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆ ತಂದರು. ಎಚ್-ಇಂಡೆಕ್ಸ್ 10 ಅಂದರೆ ನಿಮ್ಮ ಹತ್ತು ಪೇಪರ್‌ಗಳಿಗೆ ತಲಾ ಹತ್ತಾದರೂ ಸೈಟೇಷನ್ ಬಿದ್ದಿದೆ ಎಂದರ್ಥ. ಒಂದೇ ಪೇಪರಿಗೆ ಐನೂರು ಬಿದ್ದು ಉಳಿದವಕ್ಕೆ ಸೊನ್ನೆ ಇದ್ದರೆ ಇಂಡೆಕ್ಸ್ ಒಂದೇ. ಯಾರೂ ನೋಡದ ಐವತ್ತು ಪೇಪರ್ ಬರೆದರೆ ಸೊನ್ನೆ. ಅಂದರೆ ಸುಮ್ನೆ ರಾಶಿ ಹಾಕಿದವರಿಗೂ ಸಿಗುವುದಿಲ್ಲ, ಒಮ್ಮೆ ಅದೃಷ್ಟ ಹೊಡೆದವರಿಗೂ ಸಿಗುವುದಿಲ್ಲ. ಇದರಲ್ಲಿ ಏನು ಅನ್ಯಾಯವಿದೆ ಎಂದು ನನಗಂತೂ ಅರ್ಥವಾಗಿಲ್ಲ.

ಈಗ ನನ್ನ ಕಥೆ. ನಾನು ಹೊಸನಗರ ತಾಲ್ಲೂಕಿನ ಹಳ್ಳಿಯವಳು. ನಮ್ಮ ಮನೆಯಲ್ಲಿ ಡಾಕ್ಟರ್ ಇಲ್ಲ, ಪ್ರೊಫೆಸರ್ ಇಲ್ಲ, ಫೋನ್ ಮಾಡಿಸಲು ಎಮ್ಮೆಲ್ಲೆ ಕಡೆಯವರೂ ಇಲ್ಲ. ಒಂದು ಕಾಲೇಜಿನ ಇಂಟರ್‌ವ್ಯೂಗೆ ಹೋದೆ. ಕಾಲೇಜಿನ ಹೆಸರು ಬೇಡ. ಉದ್ದನೆಯ ಮೇಜು, ಸ್ಟೀಲ್ ತಟ್ಟೆಯಲ್ಲಿ ಬಿಸ್ಕತ್ತು, ಗೋಡಂಬಿ. ಮೊದಲು ಕೂತಿದ್ದ ಹಿರಿಯರು ನನ್ನ ಫೈಲು ತೆರೆಯಲೇ ಇಲ್ಲ. ‘ತಂದೆಯವರು ಏನ್ ಮಾಡ್ತಾರಮ್ಮ?’ ಎಂದರು. ‘ತೋಟ ಇದೆಯಾ?’ ಎಂದರು. ‘ಮದುವೆ ಆದ್ಮೇಲೆ ಇಲ್ಲೇ ಇರ್ತೀಯಾ?’ ಎಂದೂ ಕೇಳಿದರು. ಹೊರಗೆ ಕೂತಿದ್ದ ಇನ್ನೊಬ್ಬ ಅಭ್ಯರ್ಥಿಗೆ ಕೆಲಸ ಆಗಿಹೋಗಿದೆ ಎಂದು ಅಟೆಂಡರಿಗೂ ಗೊತ್ತಿತ್ತು.

ಮೇಜಿನ ತುದಿಯಲ್ಲಿ ಹೊರಗಿನಿಂದ ಬಂದ ಒಬ್ಬ ಎಕ್ಸ್‌ಪರ್ಟ್ ಇದ್ದರು. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾರ ಪೇಪರಿಗೆ ಎಷ್ಟು ಸೈಟೇಷನ್ ಎಂದು ತೋರಿಸುವ ಗೂಗಲ್ ಸ್ಕಾಲರ್ ತೆರೆದು ನನ್ನ ಹೆಸರು ಹಾಕಿದರು, ಆಮೇಲೆ ಇನ್ನೊಬ್ಬರ ಹೆಸರು ಹಾಕಿದರು. ಎರಡು ಟ್ಯಾಬ್. ಸ್ಕ್ರೀನನ್ನು ಹಿರಿಯರ ಕಡೆ ತಿರುಗಿಸಿ ‘ಸಾರ್, ಇದನ್ನ ಮಿನಿಟ್ಸ್‌ನಲ್ಲಿ ಬರೆಯೋಣ ಅಲ್ವಾ?’ ಎಂದರು. ಅಷ್ಟೇ. ನನ್ನ ಪೇಪರ್ ಒಳ್ಳೆಯದು ಎಂದು ಅವರು ಹೊಗಳಲಿಲ್ಲ. ಹೊಗಳಿದ್ದರೆ ಅವರ ಅಭಿಪ್ರಾಯ, ನಮ್ಮ ಅಭಿಪ್ರಾಯ ಎಂದು ಜಗ್ಗಾಟ ಶುರುವಾಗುತ್ತಿತ್ತು. ಮಿನಿಟ್ಸ್‌ಗೆ ನಂಬರ್ ಹತ್ತಿದ ಮೇಲೆ ನಾಳೆ ಯಾರಾದರೂ ಆರ್‌ಟಿಐ ಹಾಕಿದರೆ ಉತ್ತರ ಕೊಡಬೇಕಾಗುತ್ತದೆ. ಕೆಲಸ ನನಗೇ ಆಯಿತು. ‘ಅವಳದ್ದು ಬರೀ ಪೇಪರ್’ ಎಂದು ಆಮೇಲೂ ಕೆಲವರು ಅಂದರು. ಅನ್ನಲಿ. ಅವರದ್ದು ಬರೀ ಫೋನು.

ಸೈಟೇಷನ್ ನೋಡಿದರೆ ನಿಜವಾದ ಪ್ರತಿಭೆ ಮೂಲೆಗೆ ಬೀಳುತ್ತದೆ ಎನ್ನುವವರು ತಪ್ಪದೆ ಕಾತಲಿನ್ ಕಾರಿಕೊ ಹೆಸರು ಎತ್ತುತ್ತಾರೆ. ಕೋವಿಡ್ ಲಸಿಕೆಗೆ ದಾರಿಯಾದ ಎಂಆರ್‌ಎನ್‌ಎ ಮೇಲೆ ಕೆಲಸ ಮಾಡಿ 2023ರಲ್ಲಿ ನೊಬೆಲ್ ಪಡೆದವರು. 1995ರಲ್ಲಿ ಅವರ ವಿಶ್ವವಿದ್ಯಾಲಯವೇ ಅವರಿಗೆ ಹಿಂಬಡ್ತಿ ಕೊಟ್ಟಿತ್ತು. ಸರಿ. ಆದರೆ ಯಾಕೆ ಕೊಟ್ಟಿತು? ಸಂಶೋಧನೆಗೆ ಹೊರಗಿನಿಂದ ಗ್ರಾಂಟ್ ದುಡ್ಡು ತರುತ್ತಿಲ್ಲ ಎಂದು. ಆ ಪಾಪವನ್ನು ಸೈಟೇಷನ್ ತಲೆಗೆ ಯಾಕೆ ಕಟ್ಟುತ್ತೀರಿ?

ನಾನೂ ಒಂದು ಹೆಸರು ಹೇಳುತ್ತೇನೆ. ಕೋಲ್ಕತ್ತಾದ ಶಂಭುನಾಥ್ ಡೇ. ಕಾಲರಾ ಬ್ಯಾಕ್ಟೀರಿಯಾ ಕರುಳಿನಲ್ಲಿ ಒಂದು ವಿಷ ಬಿಡುತ್ತದೆ, ಭೇದಿಗೆ ಅದೇ ಕಾರಣ ಎಂದು ಮೊಲದ ಕರುಳಿನಲ್ಲಿ ತೋರಿಸಿ 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬದುಕಿರುವ ತನಕ ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. ಅವರು 1985ರಲ್ಲಿ ತೀರಿಕೊಂಡರು. ಮರುವರ್ಷ ಅವರ ಕೆಲಸದ ಬೆಲೆಯನ್ನು ಎತ್ತಿ ಬರೆದವರು ಯಾರು ಗೊತ್ತಾ? ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಸೈಟೇಷನ್ ಇಂಡೆಕ್ಸ್ ಶುರು ಮಾಡಿದ ಅದೇ ಮನುಷ್ಯ. ಕಾಲರಾ ಸಂಶೋಧನೆಯಲ್ಲಿ ಯಾರು ಯಾರನ್ನು ಹೆಸರಿಸಿದ್ದಾರೆ ಎಂದು ಹುಡುಕಿದಾಗ ಡೇ ಸಿಕ್ಕರು. ಪಕ್ಕದಲ್ಲಿದ್ದ ದೊಡ್ಡವರಿಗೆ ಕಾಣದ್ದು ಎಲ್ಲೋ ಅಮೆರಿಕದಲ್ಲಿ ಲೆಕ್ಕ ಹಾಕುತ್ತಿದ್ದವರಿಗೆ ಕಂಡಿತು!

ನಮ್ಮ ಜಿಲ್ಲೆಗೇ ಬನ್ನಿ. ಆಗ ಕೊಡುತ್ತಿದ್ದ ಮಂಗನ ಕಾಯಿಲೆ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಎಂದು 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ಆರೋಗ್ಯ ಇಲಾಖೆಯ ಇಲ್ಲಿನ ಅಧಿಕಾರಿಗಳೂ ಸೇರಿ ಬರೆದ ಪೇಪರ್ 2013ರಲ್ಲಿ ಬಂತು. ಒಂದೇ ಡೋಸ್ ಆದರೆ ಪ್ರಯೋಜನವಿಲ್ಲ, ಎರಡು ಡೋಸ್‌ಗೆ ಶೇ 62, ಮೇಲೊಂದು ಬೂಸ್ಟರ್ ಹಾಕಿಸಿದರೆ ಶೇ 83ರ ಹತ್ತಿರ ಎಂದು ಅದರಲ್ಲಿತ್ತು. ಆ ಲಸಿಕೆಯ ಚರ್ಚೆ ಬಂದಾಗಲೆಲ್ಲ ಆ ಪೇಪರ್ ತೆಗೆಯುತ್ತಾರೆ. ಅದೇ ಮಾಹಿತಿ ಕಚೇರಿಯ ಫೈಲಿನಲ್ಲಿ ಉಳಿದಿದ್ದರೆ ಇಷ್ಟು ಹೊತ್ತಿಗೆ ಗೆದ್ದಲು ತಿಂದಿರುತ್ತಿತ್ತು. ಬರೆದವರಿಗೆ ಅದರ ಲೆಕ್ಕದಲ್ಲಿ ಬಡ್ತಿ ಸಿಗಲಿ ಎಂದರೆ ಅದು ದುರಾಸೆಯಾ?

ಪೇಪರನ್ನೇ ಓದಿ ಅಳೆಯಿರಿ, ನಂಬರ್ ಬೇಡ ಎಂದು ಕೆಲವರು ಹೇಳುತ್ತಾರೆ. ಓದುವವರು ಯಾರು? ಅದೇ ಮೇಜಿನ ಅದೇ ಹಿರಿಯರು. ಓದಿದ ಮೇಲೆ ಯಾರ ಪೇಪರ್ ಅವರಿಗೆ ‘ಆಳವಾಗಿ’ ಕಾಣುತ್ತದೆ ಎಂದು ನಾನು ಈಗಲೇ ಹೇಳಬಲ್ಲೆ. ನನಗೆ ನಂಬರೇ ಇರಲಿ.

ವಿರೋಧ: ನಂಬರಿಗೆ ಸಿಗದ ಕೆಲಸವೇ ಜಾಸ್ತಿ
(ನಿವೃತ್ತ ವೈದ್ಯಾಧಿಕಾರಿ, ಸಾಗರ)

ಈ ಕಡೆ ಬರೆಯಲು ಯಾರೂ ಒಪ್ಪಲಿಲ್ಲವಂತೆ, ನೀವೇ ಬರೆಯಿರಿ ಎಂದರು. ನಾನು ಸಂಶೋಧಕನಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವನು. ಈ ವಿಷಯದಲ್ಲಿ ಎಲ್ಲರೂ ಹೇಳುವ ಮಾತುಗಳನ್ನು ಮೊದಲು ಹೇಳಿ ಮುಗಿಸುತ್ತೇನೆ.

ಒಂದು, ಸೈಟೇಷನ್ ಜಾಸ್ತಿ ಅಂದರೆ ಕೆಲಸ ದೊಡ್ಡದು ಎಂದೇನಲ್ಲ. 2014ರಲ್ಲಿ ‘ನೇಚರ್’ ಪತ್ರಿಕೆ ಜಗತ್ತಿನಲ್ಲಿ ಅತಿ ಹೆಚ್ಚು ಸೈಟೇಷನ್ ಪಡೆದ ನೂರು ಪೇಪರ್‌ಗಳ ಪಟ್ಟಿ ಮಾಡಿತು. ಮೊದಲ ಸ್ಥಾನ 1951ರ ಲೌರಿ ಪೇಪರಿಗೆ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ಸೈಟೇಷನ್ ಮೂರು ಲಕ್ಷ ದಾಟಿತ್ತು. ಡಿಎನ್‌ಎ ರಚನೆ ಹೇಳಿದ 1953ರ ಪೇಪರ್ ನೂರರೊಳಗೂ ಇರಲಿಲ್ಲ. ಊಟ ಚೆನ್ನಾಗಿತ್ತು ಎಂದು ಸೌಟಿಗೆ ಹಾರ ಹಾಕಿದ ಹಾಗೆ.

ಎರಡು, ತಪ್ಪು ಪೇಪರಿಗೂ ಸೈಟೇಷನ್ ಬೀಳುತ್ತದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಪೇಪರನ್ನು ‘ಲ್ಯಾನ್ಸೆಟ್’ 2010ರಲ್ಲಿ ಹಿಂಪಡೆಯಿತು. ಅದನ್ನು ಹೆಸರಿಸಿದವರಲ್ಲಿ ಬೈದವರೇ ಹೆಚ್ಚು. ಲೆಕ್ಕದಲ್ಲಿ ಬೈಗುಳವೂ ಒಂದು, ಹೊಗಳಿಕೆಯೂ ಒಂದು.

ಮೂರು, ದುಡ್ಡು ಕೊಟ್ಟರೆ ಛಾಪಿಸುವ ಜರ್ನಲ್‌ಗಳು, ವಿಭಾಗದ ಎಲ್ಲ ಪೇಪರಿಗೂ ಹೆಸರು ಹಾಕಿಸಿಕೊಳ್ಳುವ ಮುಖ್ಯಸ್ಥರು, ನೀನು ನನ್ನದು ಹಾಕು ನಾನು ನಿನ್ನದು ಹಾಕುತ್ತೇನೆ ಎನ್ನುವ ಗುಂಪುಗಳು. ಇದೆಲ್ಲ ಗೊತ್ತಿರುವುದೇ, ಬೆಳೆಸುವುದಿಲ್ಲ.

ನನಗೆ ನಿಜವಾಗಿ ಹೇಳಬೇಕು ಅನ್ನಿಸುವುದು ಇನ್ನೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯಿಂದ ವೈರಸ್ ತಜ್ಞರು ಬಂದರು. ಪೇಪರ್ ಬಂತು, ಕಾಯಿಲೆಗೆ ಆ ಕಾಡಿನ ಹೆಸರೇ ಬಂತು. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹಿಡಿಯುವುದು ಹೇಗೆ ಎಂದು ಪೇಪರ್ ಓದುವವರು ನೋಡಿರುವುದಿಲ್ಲ. ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ದರಗಿನ ಮೇಲೆ ನಿಧಾನಕ್ಕೆ ಎಳೆಯಬೇಕು. ಸ್ವಲ್ಪ ದೂರ ಎಳೆದು ಬಟ್ಟೆ ತಿರುಗಿಸಿದರೆ ಸಾಸಿವೆಗಿಂತ ಸಣ್ಣ ಮರಿ ಉಣುಗು ಅಂಟಿರುತ್ತವೆ. ಚಿಮಟದಲ್ಲಿ ಒಂದೊಂದೇ ಹೆಕ್ಕಿ ಸೀಸೆಗೆ ಹಾಕಬೇಕು. ಬೇಸಿಗೆ ಬಿಸಿಲು, ಮೈಗೆಲ್ಲ ಉಣುಗು ಹತ್ತದಂತೆ ಡೇಪಾ ಎಣ್ಣೆ ಬಳಿದುಕೊಂಡಿರಬೇಕು, ಆದರೂ ಹೆದರಿಕೆ ಹೋಗುವುದಿಲ್ಲ. ನಮ್ಮ ಸಿಬ್ಬಂದಿ ವರ್ಷ ವರ್ಷ ಮಾಡಿದ ಕೆಲಸ ಇದು. ಆ ಸೀಸೆ ಇಲ್ಲದೆ ಯಾವ ಲ್ಯಾಬಿನ ಯಾವ ಪೇಪರೂ ಇಲ್ಲ. ಅವರ ಎಚ್-ಇಂಡೆಕ್ಸ್ ಎಷ್ಟು? ಹುಡುಕಲು ಗೂಗಲ್ ಸ್ಕಾಲರಿನಲ್ಲಿ ಅವರ ಪುಟವೇ ಇರುವುದಿಲ್ಲ.

ಜೊತೆಗೆ, ಮಂಗನ ಕಾಯಿಲೆ ಮೇಲೆ ಕೆಲಸ ಮಾಡುವವರು ಜಗತ್ತಿನಲ್ಲಿ ಎಷ್ಟು ಜನ? ಕ್ಯಾನ್ಸರ್ ಮೇಲೆ ಎಷ್ಟು ಜನ? ಓದುಗರೇ ಕಡಿಮೆ ಇರುವ ಕಡೆ ಸೈಟೇಷನ್ ಎಲ್ಲಿಂದ ಬರಬೇಕು? ಬುದ್ಧಿವಂತ ಹುಡುಗ ಲೆಕ್ಕ ಹಾಕಿ ಕ್ಯಾನ್ಸರ್ ಕಡೆ ಹೋಗುತ್ತಾನೆ. ನಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದಿಂದ ಸೊಂಟ, ಮಂಡಿ ಸವೆದು ನಡೆಯಲಾಗದೆ ಕೂತ ಬಡ ಕುಟುಂಬಗಳಿವೆ. ಆ ಕಾಯಿಲೆ ಹಿಡಿದು ಕೂತರೆ ಎಚ್-ಇಂಡೆಕ್ಸ್ ಏರುತ್ತದಾ?

ನಂಬರ್ ಇದ್ದರೆ ವಶೀಲಿ ನಿಲ್ಲುತ್ತದೆ ಎಂದು ಎದುರು ಕಡೆಯವರು ಹೇಳಬಹುದು. ವಶೀಲಿ ನಮ್ಮ ದೇಶದಲ್ಲಿ ಎಲ್ಲ ಕಡೆ ಇದೆ, ಅದು ಬೇರೆಯೇ ವಿಷಯ. ಅವರ ಮಾತು ಕೇಳಿದರೆ ನಾಳೆ ಜ್ವರ ಬಂದವನು ಡಾಕ್ಟರ ಕೈಗುಣ ಬಿಟ್ಟು ಸೈಟೇಷನ್ ವಿಚಾರಿಸಬೇಕಾದೀತು.

ಹಾಗೆಂದು ನಂಬರನ್ನು ಪೂರ್ತಿ ಎಸೆಯಿರಿ ಎನ್ನಲು ನನಗೂ ಧೈರ್ಯವಿಲ್ಲ. ನನ್ನ ಮೊಮ್ಮಗಳು ಈಗ ಮೆಡಿಕಲ್ ಓದುತ್ತಿದ್ದಾಳೆ. ಅವಳ ಪ್ರೊಫೆಸರ್ ಏನಾದರೂ ಬರೆದಿದ್ದಾರಾ ಎಂದು ವೈದ್ಯಕೀಯ ಪೇಪರ್‌ಗಳ ಪಟ್ಟಿ ಸಿಗುವ ಪಬ್‌ಮೆಡ್‌ನಲ್ಲಿ ನಾನೂ ಹುಡುಕಿ ನೋಡಿದ್ದೇನೆ. ಪೇಪರ್ ಬಂದ ಜರ್ನಲಿಗೆ ಸರಾಸರಿ ಎಷ್ಟು ಸೈಟೇಷನ್ ಬೀಳುತ್ತದೆ ಎಂಬ ನಂಬರ್ ನೋಡಿ ಸಂಶೋಧಕರನ್ನು ಅಳೆಯಬೇಡಿ ಎಂದು ವಿಜ್ಞಾನಿಗಳು, ಸಂಪಾದಕರು ಸೇರಿ 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಒಂದು ಘೋಷಣೆ ಶುರು ಮಾಡಿದರು. ಪೇಪರಿನೊಳಗೆ ಏನಿದೆ ಎಂದು ನೋಡಿ ಎಂಬುದು ಅವರ ಮಾತು. ಅಭ್ಯರ್ಥಿಯೇ ತನ್ನ ಮೂರು ಒಳ್ಳೆಯ ಪೇಪರ್ ಆರಿಸಿ ಕೊಡಲಿ, ಆಯ್ಕೆ ಸಮಿತಿ ಕೂತು ಓದಲಿ, ಕಾಡಿಗೆ ಹೋದವರ ಹೆಸರೂ ಪೇಪರಿನಲ್ಲಿ ಇದೆಯಾ ಎಂದು ನೋಡಲಿ ಎಂದು ನಾನು ಸೂಚಿಸುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಬಂದು ಮಧ್ಯಾಹ್ನದ ಊಟಕ್ಕೆ ಮೊದಲೇ ಇಂಟರ್‌ವ್ಯೂ ಮುಗಿಸುವ ಸಮಿತಿಗಳು ಯಾವಾಗ ಓದುತ್ತವೆ ಎಂದು ಕೇಳಿದರೆ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.