ಕೆಟ್ಟಿರಲಿಲ್ಲ, ಕೆಲಸದಲ್ಲಿತ್ತು

ಸರಿಯಾಗಿದ್ದ ಕಂಪ್ಯೂಟರೊಂದು ಸತ್ತೇಹೋಯಿತು ಅಂತ ಎರಡು ಗಂಟೆ ಕಾಲ ನಂಬಿ ಕೂತಿದ್ದೆ. ಅದಕ್ಕೇನೂ ಆಗಿರಲಿಲ್ಲ. ಏಳಲು ಹೊರಟಾಗಲೆಲ್ಲ ಕುತ್ತಿಗೆ ಹಿಡಿದು ಮಲಗಿಸುತ್ತಿದ್ದವನು ನಾನೇ.

ಒಳಗೆ 16 ಜಿಬಿಯ ಎರಡು ರ್‍ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿಯ ಪಟ್ಟಿ) ಇದ್ದವು, ಡಿಡಿಆರ್5 ಅನ್ನುವ ತಲೆಮಾರಿನವು. ಇನ್ನೆರಡು ಸೇರಿಸಿದರೆ 64 ಆಗುತ್ತಲ್ಲ ಅಂತ ತಂದು ಹಾಕಿದೆ. ಬಟನ್ ಒತ್ತಿದೆ. ಫ್ಯಾನುಗಳು ತಿರುಗಿದವು, ಕ್ಯಾಬಿನೆಟ್ಟಿನ ಬಣ್ಣದ ದೀಪಗಳೆಲ್ಲ ಹತ್ತಿದವು, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂದು ಕಣ್ಣು ಮುಚ್ಚಿತು. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿನ ಅಂಚಿನಲ್ಲಿ ‘ಡಿರ್‍ಯಾಮ್’ ಅಂತ ಬರೆದ ಪುಟ್ಟ ಹಳದಿ ದೀಪ ಉರಿಯುತ್ತಿತ್ತು. ಅರ್ಧ ನಿಮಿಷ ನೋಡಿ ಆಫ್ ಮಾಡಿದೆ. ಹೊಸ ರ್‍ಯಾಮ್ ಕಿತ್ತು ಹಳೆಯದನ್ನಷ್ಟೇ ಉಳಿಸಿದೆ. ಅದೇ ಕತೆ. ಎದೆ ಧಸಕ್ಕೆಂದಿತು. ಹಳೆಯದನ್ನೇ ಹಾಕಿದರೂ ಬರುತ್ತಿಲ್ಲ ಅಂದರೆ ಬೋರ್ಡೇ ಹೋಯಿತು ಅಂತ ತಾನೇ? ಆ ತರ್ಕದಲ್ಲಿ ತಪ್ಪಿದೆ ಅಂತ ಆ ಹೊತ್ತಿಗೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

ತಪ್ಪಿತ್ತು. ರ್‍ಯಾಮ್ ಬದಲಾದ ಮೇಲೆ ಬೋರ್ಡು ಮೊದಲ ಸಲ ಏಳುವಾಗ ಮೆಮೊರಿ ಟ್ರೈನಿಂಗ್ ಅಂತ ಒಂದು ಕೆಲಸ ಮಾಡುತ್ತದೆ. ಪ್ರೊಸೆಸರಿಗೂ ರ್‍ಯಾಮಿಗೂ ನಡುವೆ ಇರುವ ಒಂದೊಂದು ಗೆರೆಯಲ್ಲೂ ಸಂಕೇತ ಯಾವ ಕ್ಷಣಕ್ಕೆ ತಲುಪುತ್ತದೆ, ಎಷ್ಟು ವೋಲ್ಟೇಜಿನಲ್ಲಿ ಸ್ಪಷ್ಟವಾಗಿ ಓದಲು ಬರುತ್ತದೆ ಅಂತ ಬರೆದು, ಓದಿ, ತಿದ್ದಿ ಹೊಂದಿಸಿಕೊಳ್ಳುವ ಕೆಲಸ. ತಂಬೂರಿ ಶ್ರುತಿ ಮಾಡಿದ ಹಾಗೆ ಅನ್ನಿ. ಡಿಡಿಆರ್5ರ ವೇಗಕ್ಕೆ ಇದು ಇನ್ನೂ ನಾಜೂಕು, ನಾಲ್ಕು ರ್‍ಯಾಮ್ ಇದ್ದರೆ ಹಲವು ನಿಮಿಷಗಳೇ ಬೇಕಾಗಬಹುದು. ಅಷ್ಟು ಹೊತ್ತೂ ಪರದೆ ಕಪ್ಪು. ಮುಗಿದ ಮೇಲೆ ಲೆಕ್ಕವನ್ನು ಉಳಿಸಿಕೊಳ್ಳುತ್ತದೆ, ಮುಂದಿನ ಸಲ ಬೇಗ ಏಳುತ್ತದೆ. ನಡುವೆ ಕರೆಂಟ್ ತೆಗೆದರೆ ಮತ್ತೆ ಮೊದಲಿಂದ. ಹಳೆಯ ರ್‍ಯಾಮ್ ವಾಪಸ್ ಹಾಕಿದ್ದೂ ಅದರ ಪಾಲಿಗೆ ‘ಬದಲಾವಣೆ’ಯೇ!

ಸಾಲದ್ದಕ್ಕೆ, ‘ಬ್ಯಾಟರಿ ತೆಗೆದು ಹಾಕಿ, ಸರಿಹೋಗುತ್ತೆ’ ಅನ್ನುವ ಸಾರ್ವತ್ರಿಕ ಸಲಹೆಯನ್ನೂ ಪಾಲಿಸಿದ್ದೆ. ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದರೆ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನ ಸ್ವಂತ ತಂತ್ರಾಂಶ) ಸೆಟ್ಟಿಂಗ್ ಅಳಿಸುತ್ತದೆ, ಅನೇಕ ಬೋರ್ಡುಗಳಲ್ಲಿ ಟ್ರೈನಿಂಗೂ ಮತ್ತೆ ಶುರುವಾಗುತ್ತದೆ. ಒಳ್ಳೆಯ ಉಪಾಯವೇ. ಆದರೆ ನನ್ನಂಥ ಆತುರಗಾರನ ಕೈಗೆ ಸಿಕ್ಕರೆ ಅದೇ ಗಾಣ, ಅದೇ ಸುತ್ತು.

ಕೊನೆಗೆ ಸೋತು, ನಾಲ್ಕನ್ನೂ ಮತ್ತೊಮ್ಮೆ ಹಾಕಿ ಬಟನ್ ಒತ್ತಿ, ರ್‍ಯಾಮ್ ವಾಪಸ್ ಕಳಿಸೋಣ ಅಂತ ಅದರ ಡಬ್ಬಿ ಹುಡುಕಲು ಅಟ್ಟ ಹತ್ತಿದೆ. ಆಫ್ ಮಾಡಲು ಮರೆತಿದ್ದೆ, ಅಷ್ಟೇ. ಇಳಿದು ಬಂದು ನೋಡಿದರೆ ಬಯಾಸ್ ಪರದೆ ನಗುತ್ತಾ ಕೂತಿತ್ತು.

ಆ ಹಳದಿ ದೀಪದ ಬಗ್ಗೆ ನನ್ನದೊಂದು ತಕರಾರಿದೆ. ಸಿಪಿಯು, ಡಿರ್‍ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಅಂತ ನಾಲ್ಕು ದೀಪ ಕೊಡುತ್ತಾರೆ. ಬೋರ್ಡು ಯಾವ ಹಂತದಲ್ಲಿದೆಯೋ ಆ ದೀಪ ಹತ್ತುತ್ತದೆ. ‘ಇಲ್ಲಿ ಸಿಕ್ಕಿಬಿದ್ದಿದ್ದೇನೆ’ ಅನ್ನುವುದಕ್ಕೂ ‘ಇಲ್ಲಿ ಕೆಲಸದಲ್ಲಿದ್ದೇನೆ’ ಅನ್ನುವುದಕ್ಕೂ ಅದೇ ದೀಪ, ಅದೇ ಬಣ್ಣ. ನಾವು ಅದನ್ನು ತೀರ್ಪು ಅಂತ ಓದುತ್ತೇವೆ. ಮಿನುಗುವ ಬೆಳಕು ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಹಾಗಂತ ಎಲ್ಲದಕ್ಕೂ ಕಾಯುತ್ತಾ ಕೂರಬೇಡಿ. ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಕಾಲು ಗಂಟೆ ಕೊಡಿ. ಆಮೇಲೂ ಬರದಿದ್ದರೆ ಒಂದೇ ರ್‍ಯಾಮ್ ಇಟ್ಟು ನೋಡಿ, ಎರಡೂ ತುದಿಯ ಕ್ಲಿಪ್ ಕೂತಿದೆಯಾ ಅಂತ ಬೆರಳಾಡಿಸಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಬದಲು ಬೋರ್ಡಿಗೇ ಚುಚ್ಚಿಕೊಂಡಿದ್ದರೆ ನಾಚಿಕೆಪಡಬೇಡಿ, ನಾವೆಲ್ಲ ಮಾಡಿದ್ದೇವೆ. ಏನೂ ಅಲುಗಾಡದಿದ್ದರೆ ಮೊದಲು ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ಪ್ರೊಸೆಸರಿನ 8 ಪಿನ್ನಿನ ಕೇಬಲ್ಲು 4+4 ಆಗಿ ಸೀಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6+2. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕುವ ಬಲಪ್ರಯೋಗ ಬೇಡ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಸಿಕ್ಕಿಸುವುದಂತೂ ಬೇಡವೇ ಬೇಡ: ತುದಿ ಒಂದೇ ಥರ ಕಂಡರೂ ಒಳಗಿನ ವೈರಿನ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟೀತು. ಇನ್ನು ‘ವಿಂಡೋಸ್ ಫಾರ್ಮ್ಯಾಟ್ ಹೊಡಿ’ ಅನ್ನುವ ಮಹನೀಯರಿಗೆ ಕೈಮುಗಿಯಿರಿ. ಬೋರ್ಡು ಇನ್ನೂ ಡಿಸ್ಕಿನ ತನಕ ಬಂದೇ ಇಲ್ಲ.

ಅಂದಹಾಗೆ, ನಾಲ್ಕು ರ್‍ಯಾಮ್ ಹಾಕಿ ಗೆದ್ದೆ ಅಂತಲೂ ಇಲ್ಲ. ಎಎಂಡಿ ರೈಜನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರುಗಳನ್ನೇ ನೋಡಿ, ಎರಡು ರ್‍ಯಾಮಿಗೆ ಅಧಿಕೃತ ಗರಿಷ್ಠ ವೇಗ 5200 ಎಂಟಿ/ಎಸ್ (ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಮಾಹಿತಿಯ ಸಾಗಣೆ), ನಾಲ್ಕಕ್ಕೆ 3600. ನನ್ನದರಲ್ಲೂ ವೇಗ ಇಳಿದಿದೆ. ಎರಡೇ 32ರದ್ದು ತರಬೇಕಿತ್ತು.

ಮೊನ್ನೆ ಬಯಾಸ್ ಅಪ್‌ಡೇಟ್ ಮಾಡಿದೆ. ಮತ್ತೆ ಕಪ್ಪು ಪರದೆ, ಮತ್ತೆ ಅದೇ ಹಳದಿ ದೀಪ. ಬಟ್ಟೆ ಒಣಹಾಕಲು ಹೋದೆ. ಬಕೆಟ್ ಖಾಲಿಯಾಗಿ ವಾಪಸ್ ಬರುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತಿತ್ತು.