ಒಂದೇ ಮಗ್ಗುಲ ಪ್ಲೇಟು, ಎರಡು ಪ್ಲೇಟಿನ ರೇಟು

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಂಗೆ 50 ವರ್ಷ ತುಂಬಿದ್ದು 2023ರಲ್ಲಿ. ಆಗ ಪ್ಲೇಟು, ಸಿಡಿ, ಪುಸ್ತಕ ಎಲ್ಲ ತುಂಬಿದ ದೊಡ್ಡ ಡಬ್ಬಿಯೊಂದು ಬಂತು. ಅಭಿಮಾನಿಗಳು ಕೊಂಡು ಸುಧಾರಿಸಿಕೊಳ್ಳುವಷ್ಟರಲ್ಲಿ, 2024ರ ಏಪ್ರಿಲ್‌ನಲ್ಲಿ ಅದೇ 50ರ ಹೆಸರಲ್ಲಿ ಇನ್ನೊಂದು ಆವೃತ್ತಿ. ಈ ಸಲ ಗಾಜಿನ ಹಾಗೆ ಆಚೆ ಈಚೆ ಕಾಣುವ ವಿನೈಲ್, ಅಂದರೆ ಗ್ರಾಮಫೋನ್ ಪ್ಲೇಟು. ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಚಿತ್ರ. ಚಿತ್ರದ ಕಡೆ ಮುಳ್ಳು ಓಡಲು ಗೆರೆಯೇ ಇಲ್ಲ. ಹಾಗಾಗಿ ಐವತ್ತು ವರ್ಷ ಒಂದೇ ಪ್ಲೇಟಿನಲ್ಲಿ ಆರಾಮಾಗಿ ಬಿದ್ದುಕೊಂಡಿದ್ದ 43 ನಿಮಿಷದ ಸಂಗೀತಕ್ಕೆ ಈಗ ಎರಡು ಪ್ಲೇಟು ಬೇಕು.

ಎಂಥ ತಲೆ, ಅಲ್ವಾ? ನಮ್ಮ ಹೋಟೆಲಿನವರೂ ಸೆಟ್ ದೋಸೆಯನ್ನು ಒಂದೇ ಕಡೆ ಬೇಯಿಸುತ್ತಾರೆ. ಆದರೆ ಆ ಕಡೆ ಚಿತ್ರ ಬರೆದು ‘ಇದು ತಿನ್ನೋಕಲ್ಲ ಸ್ವಾಮಿ, ನೋಡೋಕೆ’ ಎನ್ನುವಷ್ಟು ಮುಂದುವರಿದಿಲ್ಲ.

ಇನ್ನೊಂದು ಮಜಾ ಇದೆ. ಹಳೇ ಪ್ಲೇಟು ಮಗುಚಿ ಹಾಕಿದರೆ ಮೊದಲು ಬರುತ್ತಿದ್ದ ಹಾಡು ‘ಮನಿ’. ಚಿಲ್ಲರೆ ಕಾಸಿನ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿ ಗಲ್ಲಾ ಮೆಷಿನ್ನಿನ ಸದ್ದು. ದುಡ್ಡಿನ ಆಸೆಯನ್ನು ಗೇಲಿ ಮಾಡುವ ಹಾಡು ಅದು. ಈಗ ಅದರಿಂದಲೇ ಶುರುವಾಗುವ ಬೇರೆ ಪ್ಲೇಟು. ಮುಳ್ಳು ಇಟ್ಟ ಕೂಡಲೇ ಗಲ್ಲಾ ಸದ್ದು. ಇಷ್ಟು ಪ್ರಾಮಾಣಿಕ ರಸೀದಿ ಯಾವ ಅಂಗಡಿಯವನೂ ಕೊಡುವುದಿಲ್ಲ.

ಈ ಆಲ್ಬಂ 1973ರಿಂದ 1988ರೊಳಗೆ ಒಟ್ಟು ಏಳುನೂರಕ್ಕೂ ಹೆಚ್ಚು ವಾರ, ಹೆಚ್ಚು ಮಾರಾಟವಾಗುವ ಆಲ್ಬಂಗಳ ಲೆಕ್ಕ ಇಡುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿತ್ತು. ಬೇಕಾದವರೆಲ್ಲ ಕೊಂಡಾಗಿದೆ. ಉಳಿದಿರುವುದು ಕೊಂಡವರಿಗೇ ಮತ್ತೆ ಮಾರುವ ಕೆಲಸ. ಅಮೆರಿಕದಲ್ಲಿ ವಿನೈಲ್ ಕೊಳ್ಳುವವರ ಪೈಕಿ ಅರ್ಧದಷ್ಟು ಜನರ ಮನೆಯಲ್ಲಿ ಪ್ಲೇಯರೇ ಇಲ್ಲ ಎಂದು ಸಂಗೀತ ಮಾರಾಟದ ಲೆಕ್ಕ ಇಡುವ ಲುಮಿನೇಟ್ ಸಂಸ್ಥೆ 2023ರಲ್ಲಿ ಹೇಳಿತ್ತು. ಪ್ಲೇಯರ್ ಇಲ್ಲದವರ ಲೆಕ್ಕದಲ್ಲಿ ಹಾಡಿರುವ ಆ ಒಂದು ಮಗ್ಗುಲೂ ದಂಡವೇ.

ನನಗೆ ಸಾಕಾಗಿದೆ ಕಣ್ರೀ. ಆಲ್ಬಂ ಚೆನ್ನಾಗಿದೆ, ಅದೇ ಸಂಕಟ. ಕೆಟ್ಟದ್ದಾಗಿದ್ದರೆ ಸುಮ್ನೆ ಬಿಟ್ಟುಬಿಡಬಹುದಿತ್ತು. ಹೊತ್ತು ಜಾರಿಹೋಗುವುದು, ತಲೆ ಕೆಡುವುದು, ಸಾವು, ಇದನ್ನೆಲ್ಲ ಕೂತು ಯೋಚಿಸಿದವರು ಮಾಡಿದ್ದು. ಅದನ್ನು ಪ್ರೀತಿಸಿದವನ ಜೇಬಿಗೇ ಪದೇ ಪದೇ ಕೈ ಹಾಕುತ್ತಾರೆ. ನಾಚಿಕೆ ಬೇಡವಾ?

2011ರಲ್ಲೂ ಒಂದು ಡಬ್ಬಿ ಬಂದಿತ್ತು. ಅದರೊಳಗೆ ಸಿಡಿಗಳ ಜೊತೆ ಒಂದು ಸ್ಕಾರ್ಫು, ಲೋಟದ ಕೆಳಗಿಡುವ ಬಿಲ್ಲೆಗಳು, ಮತ್ತೆ ಮೂರು ಗೋಲಿ. ಹೌದು, ಗೋಲಿ. ಯಾಕೆ ಅಂತ ಕೇಳಬೇಡಿ. ನನ್ನ ಗೆಳೆಯನೊಬ್ಬನ ಹತ್ತಿರ ಅದಿದೆ. ಕಳೆದ ತಿಂಗಳು ಅವನ ಮನೆಗೆ ಹೋದರೆ, ಟಾರ್ಚ್ ಹಿಡಿದು ಸೋಫಾ ಕೆಳಗೆ ಹೊಟ್ಟೆ ಮೇಲೆ ಮಲಗಿದ್ದ. ಮಗ ಗೋಲಿ ಆಡಿ ಒಂದನ್ನು ಕಳೆದಿದ್ದಾನಂತೆ.

‘ಹೋಗ್ಲಿ ಬಿಡೋ, ಗಾಂಧಿಬಜಾರಲ್ಲಿ ಒಂದು ಡಜನ್ ಕೊಡಿಸ್ತೀನಿ’ ಅಂದೆ.

‘ಮೂರೂ ಇಲ್ಲದಿದ್ರೆ ಸೆಟ್ಟಿಗೆ ಬೆಲೆ ಇಲ್ಲ ಕಣೋ’ ಎಂದು ಸೋಫಾ ಕೆಳಗಿಂದಲೇ ಉತ್ತರ ಬಂತು.

ಅರ್ಧ ಗಂಟೆ ತಡಕಾಡಿದ. ಸಿಕ್ಕಿದ್ದು ಒಂದು ಪೆನ್ನಿನ ಮುಚ್ಚಳ, ಕೇರಂನ ಕೆಂಪು ಕಾಯಿನ್.